ಮೊದಲು ತಂಪು ಮಾಡಿ, ಆಮೇಲೆ ಡಾಕ್ಟರ್ ಹತ್ತಿರ ಓಡಿ

ಪ್ರಶ್ನೆ: ನಮ್ಮನೆ ಪಗ್ ನಾಯಿಗೆ ನಾಲ್ಕು ವರ್ಷ. ಮೊನ್ನೆ ಮಧ್ಯಾಹ್ನ ಬಿಸಿಲಲ್ಲಿ ಆಡಿ ಬಂದವನು ಜೋರಾಗಿ ಏದುಸಿರು ಬಿಡುತ್ತಾ ಬಿದ್ದೇಬಿಟ್ಟ. ಒದ್ದೆ ಟವೆಲ್ ಸುತ್ತಿ ಮಲಗಿಸಿದೆವು. ಅರ್ಧ ಗಂಟೆಗೆ ಎದ್ದು ಓಡಾಡಿದ. ಡಾಕ್ಟರಿಗೆ ತೋರಿಸಬೇಕಿತ್ತಾ?

ಉತ್ತರ: ತೋರಿಸಬೇಕಿತ್ತು. ಈಗಲೂ ತಡ ಮಾಡಬೇಡಿ, ಇವತ್ತೇ ಕರೆದುಕೊಂಡು ಹೋಗಿ. ಎದ್ದು ಓಡಾಡಿದ ಅಂದ ಮಾತ್ರಕ್ಕೆ ಅಪಾಯ ಕಳೆಯಿತು ಅಂತಲ್ಲ. ಮೈ ಅತಿಯಾಗಿ ಕಾದಾಗ ಕಿಡ್ನಿಗೆ, ಕರುಳಿಗೆ ಪೆಟ್ಟು ಬೀಳುತ್ತದೆ, ರಕ್ತ ಹೆಪ್ಪುಗಟ್ಟುವುದೂ ಏರುಪೇರಾಗುತ್ತದೆ, ಅದೆಲ್ಲ ಹೊರಗೆ ಕಾಣಿಸೋಕೆ ಒಂದೆರಡು ದಿನ ಹಿಡಿಯಬಹುದು. ವಾಂತಿ, ರಕ್ತ ಬೆರೆತ ಭೇದಿ, ಒಸಡಿನ ಮೇಲೆ ಸಣ್ಣ ಕೆಂಪು ಚುಕ್ಕಿ, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ನಾಯಿಗೆ ನಮ್ಮ ಹಾಗೆ ಮೈತುಂಬಾ ಬೆವರು ಬರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬರುತ್ತದೆ, ಅಷ್ಟೇ. ಮೈ ತಣ್ಣಗಾಗಬೇಕಾದರೆ ನಾಲಿಗೆ ಚಾಚಿ ಏದುಸಿರು ಬಿಡಲೇಬೇಕು. ಪಗ್, ಬುಲ್‌ಡಾಗ್‌ಗಳಿಗೆ ಮೂತಿ ಚಪ್ಪಟೆ, ಉಸಿರಿನ ದಾರಿ ಕಿರಿದು, ಹಾಗಾಗಿ ಆ ಒಂದು ದಾರಿಯೂ ಅವಕ್ಕೆ ಸಾಲದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರಂತೂ ಬಿಸಿಲಿಲ್ಲದ ದಿನವೂ ಹೀಗಾಗಬಹುದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಜೀವಕ್ಕೇ ಕುತ್ತು.

ಇನ್ನು ಟವೆಲ್ ವಿಷಯ. ಸುತ್ತಿಟ್ಟ ಟವೆಲ್ ಸ್ವಲ್ಪ ಹೊತ್ತಿಗೇ ಬೆಚ್ಚಗಾಗುತ್ತದೆ, ಒಳಗಿನ ಬಿಸಿ ಹೊರಗೆ ಹೋಗೋಕೆ ಬಿಡುವುದಿಲ್ಲ. ಅದರ ಬದಲು ನಲ್ಲಿ ನೀರನ್ನು ಮೈಮೇಲೆ ಸುರಿಯುತ್ತಲೇ ಇರಿ, ಹೊಟ್ಟೆ, ತೊಡೆಸಂದು, ಕಂಕುಳು ಚೆನ್ನಾಗಿ ನೆನೆಯಲಿ, ಜೊತೆಗೆ ಫ್ಯಾನ್ ಹಾಕಿ. ನೀರು ಮತ್ತು ಗಾಳಿ ಎರಡೂ ಸೇರಿದರೆ ಬಿಸಿ ಬೇಗ ಇಳಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ತಾನಾಗಿ ಕುಡಿದರೆ ಕುಡಿಯಲಿ. ಥರ್ಮಾಮೀಟರ್ ಇದ್ದರೆ ಗುದದ್ವಾರದಲ್ಲಿಟ್ಟು ನೋಡಿ, 103.5ಕ್ಕೆ ಬಂದಾಗ ನೀರು ಹಾಕುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಮೈ ಅತಿಯಾಗಿ ತಣ್ಣಗಾಗುತ್ತದೆ. ಬಹಳ ಜನ ಗಾಬರಿಯಲ್ಲಿ ಕಾದ ಮೈಯನ್ನು ಹಾಗೇ ಕಾರಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ, ದಾರಿಯುದ್ದಕ್ಕೂ ಒಳಗಿನ ಅಂಗಗಳು ಬೇಯುತ್ತಲೇ ಇರುತ್ತವೆ. ಮೊದಲು ಕೆಲವು ನಿಮಿಷ ತಂಪು ಮಾಡಿ, ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರು ಡಾಕ್ಟರಿಗೆ ಫೋನ್ ಮಾಡಲಿ. ಆಮೇಲೆ ಒದ್ದೆ ಮೈಯಲ್ಲೇ ಎ.ಸಿ. ಹಾಕಿಯೋ ಕಿಟಕಿ ತೆಗೆದೋ ಹೊರಡಿ.

ಕಾರು ಅಂದಾಗ ನೆನಪಾಯಿತು. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇದ್ದರೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 10 ನಿಮಿಷದಲ್ಲಿ ಸುಮಾರು 34, ಅರ್ಧ ಗಂಟೆಯಲ್ಲಿ 43ರ ಹತ್ತಿರ ಹೋಗುತ್ತದೆ. ಕಿಟಕಿ ಒಂದಿಷ್ಟು ಇಳಿಸಿಟ್ಟರೂ ಏನೂ ಪ್ರಯೋಜನವಿಲ್ಲ. "ಎರಡೇ ನಿಮಿಷ, ಬಂದುಬಿಡ್ತೀನಿ" ಅಂತ ನಾಯಿಯನ್ನು ಒಳಗೆ ಬಿಟ್ಟು ಹೋಗಬೇಡಿ, ದಯವಿಟ್ಟು.

ಪ್ರಶ್ನೆ: ಚಳಿಗಾಲ ಶುರುವಾದಾಗಿನಿಂದ ಬೆಕ್ಕು ಮಂಕಾಗಿದೆ, ಮೈ ಬಿಸಿ ಇದೆ. ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೊಡಬಹುದಾ?

ಉತ್ತರ: ಬೇಡ. ಅರ್ಧವೂ ಬೇಡ, ಕಾಲೂ ಬೇಡ. ಬೆಕ್ಕಿನ ಲಿವರ್‌ಗೆ ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ, ರಕ್ತಕ್ಕೆ ಆಮ್ಲಜನಕ ಸಾಗಿಸೋಕೆ ಆಗದೆ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಈಗಾಗಲೇ ಕೊಟ್ಟಿದ್ದರೆ ಒಸಡು ನೋಡಿ. ಕಂದು ಅಥವಾ ನೀಲಿ ಬಣ್ಣ, ಮುಖ ಅಥವಾ ಪಾದ ಊದಿರುವುದು, ಇವೆಲ್ಲ ವಿಷ ಏರಿದ ಗುರುತು. ಆದರೆ ಗುರುತು ಕಾಣಲಿ ಅಂತ ಕಾಯಬೇಕಾಗಿಲ್ಲ, ಮಾತ್ರೆಯ ಪಟ್ಟಿ ಸಮೇತ ಹೊರಡಿ. ಮೈ ಬಿಸಿ ಯಾಕೆ ಅಂತ ಡಾಕ್ಟರೇ ನೋಡಲಿ. ಊಟ ಬಿಟ್ಟಿದ್ದರೆ ಮಾತ್ರ ಜಾಸ್ತಿ ದಿನ ನೋಡಬೇಡಿ, ಎರಡು ಮೂರು ದಿನ ತಿನ್ನದ ಬೆಕ್ಕಿಗೆ ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡು ಇನ್ನೊಂದು ಕಾಯಿಲೆಯೇ ಶುರುವಾಗಬಹುದು.

ಪ್ರಶ್ನೆ: ಮಳೆ ಬಂದ ಮೇಲೆ ನಾಯಿಗೆ ಉಣ್ಣಿ ವಿಪರೀತ. ಬೆನ್ನಿಗೆ ಹಾಕುವ ಡ್ರಾಪ್ಸ್ ಸ್ವಲ್ಪ ಉಳಿದಿದೆ. ಬೆಕ್ಕಿಗೂ ಹಾಕಿಬಿಡಲಾ?

ಉತ್ತರ: ಮೊದಲು ಡಬ್ಬಿ ಓದಿ. ನಾಯಿಗಳ ಎಷ್ಟೋ ಡ್ರಾಪ್ಸ್‌ನಲ್ಲಿ ಪರ್ಮೆತ್ರಿನ್ ಅನ್ನುವ ಕೀಟನಾಶಕ ಇರುತ್ತದೆ, ಅದು ಬೆಕ್ಕಿಗೆ ವಿಷ. ಮೈ ನಡುಗಿ ಫಿಟ್ಸ್ ಬರುತ್ತದೆ. ಹಾಕಿಸಿಕೊಂಡ ನಾಯಿಯ ಮೈ ಒಣಗುವ ತನಕ ಬೆಕ್ಕನ್ನು ಅದರ ಪಕ್ಕ ಮಲಗಲೂ ಬಿಡಬೇಡಿ. ತಪ್ಪಿ ಹಾಕಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಬೇರೆ ಔಷಧವಾದರೂ ಸುಮ್ನೆ ಅಂದಾಜಿಗೆ ಹಾಕಬೇಡಿ, ಬೆಕ್ಕಿನದ್ದೇ ಬೇರೆ ಸಿಗುತ್ತದೆ.

ಕಚ್ಚಿಕೊಂಡ ಉಣ್ಣಿಯನ್ನು ಸುಡುವುದು, ಸೀಮೆಎಣ್ಣೆ ಹಾಕುವುದು ಬೇಡ. ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಾಲರ್ ಕೆಳಗೆ ಹುಡುಕಿ. ನಿಂತ ನೀರು ಕುಡಿಯಲು ಬಿಡಬೇಡಿ. ಇಲಿ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್ ನಾಯಿಯಿಂದ ಮನೆಯವರಿಗೂ ಹರಡುತ್ತದೆ. ಅದಕ್ಕೆ ಲಸಿಕೆ ಇದೆ, ಕೇಳಿ ಹಾಕಿಸಿ.

ಪ್ರಶ್ನೆ: ನೆರೆ ಬಂದು ಮನೆ ಬಿಡಬೇಕಾದರೆ ಬೆಕ್ಕನ್ನು ಹಿಡಿಯೋದೇ ಕಷ್ಟ. ಅದನ್ನು ಕೊಂಡೊಯ್ಯುವ ಪೆಟ್ಟಿಗೆ, ಅಂದ್ರೆ ಕ್ಯಾರಿಯರ್ ಕಂಡರೆ ಮಂಚದ ಕೆಳಗೆ ಓಡುತ್ತೆ. ಏನು ಮಾಡೋದು?

ಉತ್ತರ: ಆಸ್ಪತ್ರೆಗೆ ಹೋಗುವ ದಿನ ಮಾತ್ರ ಕ್ಯಾರಿಯರ್ ಹೊರಗೆ ಬಂದರೆ ಅದು ಓಡದೆ ಇನ್ನೇನು ಮಾಡುತ್ತದೆ, ಅಲ್ವಾ? ಬಾಗಿಲು ತೆಗೆದು ವರ್ಷಪೂರ್ತಿ ಮನೆಯೊಳಗೇ ಇಡಿ. ಒಳಗೆ ಹಳೇ ಬಟ್ಟೆ ಹಾಸಿ. ದಿನಾ ಊಟದ ತಟ್ಟೆ ಅದರ ಬಾಗಿಲಲ್ಲಿಡಿ, ಆಮೇಲಾಮೇಲೆ ಒಳಗೆ ಸರಿಸಿ. ಕೆಲವು ವಾರಕ್ಕೆ ತಾನೇ ಹೋಗಿ ನಿದ್ದೆ ಮಾಡುತ್ತದೆ. ಎಚ್ಚರಿಕೆ ಬಂದ ತಕ್ಷಣ ಬೆಕ್ಕನ್ನು ಒಂದು ಸಣ್ಣ ಕೋಣೆಗೆ ಸೇರಿಸಿ ಬಾಗಿಲು ಹಾಕಿ, ಸಾಮಾನು ಕಟ್ಟುವುದು ಅದಾದ ಮೇಲೆ. ಏನೂ ಸಿಗದಿದ್ದರೆ ದಿಂಬಿನ ಕವರ್ ಸಾಕು, ಬೆಕ್ಕನ್ನು ಒಳಗಿಟ್ಟು ಬಾಯಿ ಹಿಡಿದುಕೊಂಡು ಹೊರಡಬಹುದು.

ಒಂದು ವಾರದ ಔಷಧ, ಊಟ, ಲಸಿಕೆ ಕಾರ್ಡಿನ ಫೋಟೋ, ನೀವೂ ಅದೂ ಜೊತೆಗಿರುವ ಒಂದು ಫೋಟೋ ಮೊದಲೇ ರೆಡಿ ಇರಲಿ. ತಪ್ಪಿಸಿಕೊಂಡರೆ ನಿಮ್ಮದೇ ಅಂತ ತೋರಿಸೋಕೆ ಆ ಫೋಟೋ ಬೇಕಾಗುತ್ತದೆ. ಬಿಟ್ಟು ಹೋಗಲೇಬೇಕಾದ ಕಷ್ಟ ಬಂದರೆ ಯಾವ ಪ್ರಾಣಿಯನ್ನೂ ಕಟ್ಟಿ ಹೋಗಬೇಡಿ, ಗೂಡಿನಲ್ಲಿ ಕೂಡಿ ಹಾಕಬೇಡಿ. ಮೈಕ್ರೋಚಿಪ್ (ಚರ್ಮದಡಿ ಕೂರಿಸುವ ಗುರುತಿನ ಚಿಪ್) ಹಾಕಿಸಿದ್ದರೆ ಇನ್ನೊಂದು ಕೆಲಸ ಇದೆ. ಚಿಪ್‌ನಲ್ಲಿರುವುದು ಬರೀ ಒಂದು ಸಂಖ್ಯೆ. ನಿಮ್ಮ ಫೋನ್ ನಂಬರ್ ಇರುವುದು ಅದನ್ನು ನೋಂದಾಯಿಸಿದ ಕಡೆ. ಅಲ್ಲಿ ಹಳೇ ನಂಬರ್ ಇದ್ದರೆ ಈ ವಾರವೇ ಬದಲಾಯಿಸಿ.