ಸ್ಕ್ರೂ ಎಲ್ಲಾ ಟೈಟಾಗಿದ್ರೂ ಆಯಿಲ್ ಯಾಕೆ ಜಿನುಗುತ್ತೆ?

ಪ್ರಶ್ನೆ: ಸರ್, ಮೊದಲನೇ ಸಲ ಬೈಕಿನ ಕ್ಲಚ್ ಪ್ಲೇಟ್ ನಾನೇ ಬದಲಾಯಿಸಿದೆ. ಕವರ್ ಬಿಚ್ಚೋವಾಗ ಒಂದು ಸ್ಕ್ರೂ ತಲೆ ಸವೆದುಹೋಯ್ತು, ಹೆಂಗೋ ತೆಗೆದೆ. ಈಗ ಕವರ್ ಕೆಳಗಡೆ ಆಯಿಲ್ ಜಿನುಗ್ತಿದೆ. ಸ್ಕ್ರೂ ಎಲ್ಲಾ ಟೈಟಾಗೇ ಇದೆ, ಇನ್ನೂ ಟೈಟ್ ಮಾಡ್ಲಾ?

ಉತ್ತರ: ಬೇಡ, ದಯವಿಟ್ಟು ಇನ್ನೊಂದು ಸುತ್ತೂ ತಿರುಗಿಸ್ಬೇಡಿ. ಸ್ಕ್ರೂ ಸ್ಟೀಲು, ಇಂಜಿನ್ ಬಾಡಿ ಅಲ್ಯೂಮಿನಿಯಂ, ಬಲ ಜಾಸ್ತಿಯಾದ್ರೆ ಒಳಗಿನ ಥ್ರೆಡ್ಡೇ ಕಿತ್ಕೊಂಡು ಬರುತ್ತೆ, ಆಮೇಲೆ ಅದು ಮನೇಲಿ ಮಾಡೋ ಕೆಲಸ ಅಲ್ಲ.

ನನಗನಿಸೋದು ಸ್ಕ್ರೂಗಳು ಜಾಗ ಬದಲಾಗಿವೆ. ಕ್ಲಚ್ ಕವರಿನ ಸ್ಕ್ರೂ ಎಲ್ಲಾ ಒಂದೇ ಉದ್ದ ಇರಲ್ಲ ಸಾಮಾನ್ಯವಾಗಿ, ಗಿಡ್ಡ ತೂತಿಗೆ ಉದ್ದದ್ದು ಹಾಕಿದ್ರೆ ಅದು ತಳಕ್ಕೆ ಹೋಗಿ ತಗಲಿ ನಿಂತ್ಬಿಡುತ್ತೆ, ಕೈಗೆ ಟೈಟ್ ಅನ್ಸುತ್ತೆ ಆದ್ರೆ ಕವರನ್ನ ಒತ್ತಿ ಹಿಡ್ದಿರಲ್ಲ, ಅಲ್ಲೇ ಆಯಿಲ್ ದಾರಿ ಮಾಡ್ಕೊಳ್ಳೋದು. ಪರೀಕ್ಷೆ ಸುಲಭ. ಸ್ಕ್ರೂಗಳನ್ನ ತಿರುಗಿಸದೆ ಸುಮ್ನೆ ತೂತಿಗೆ ಇಳಿಬಿಡಿ, ಎಲ್ಲದರ ತಲೆನೂ ಕವರಿಂದ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ನಿಲ್ಬೇಕು. ಯಾವುದಾದ್ರೂ ಒಂದು ಎದ್ದು ನಿಂತಿದ್ರೆ ಅಥವಾ ಕುಸಿದಿದ್ರೆ ಅದು ಬೇರೆ ಜಾಗದ್ದು.

ಇದಕ್ಕೇ ನಾನು ಬಿಚ್ಚೋಕ್ ಮುಂಚೆ ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರ್ಕೊಂಡು, ತೆಗೆದ ಸ್ಕ್ರೂನ ಆಯಾ ಜಾಗದಲ್ಲೇ ಚುಚ್ಚಿಡೋದು. ಎರಡು ನಿಮಿಷದ ಕೆಲಸ, ಫೋನಲ್ಲಿ ಫೋಟೋನೂ ತಗೊಳ್ಳಿ, ಆದ್ರೆ ಫೋಟೋದಲ್ಲಿ ಸ್ಕ್ರೂ ಉದ್ದ ಕಾಣಲ್ಲ ನೋಡಿ.

ತಲೆ ಸವೆಯೋದಕ್ಕೆ ಕಾರಣ ಸರಿಯಾಗಿ ಕೂರದ ಸ್ಕ್ರೂಡ್ರೈವರ್. ಜಪಾನಿ ವಿನ್ಯಾಸದ ಬೈಕುಗಳಲ್ಲಿ ಪ್ಲಸ್ ಥರ ಕಾಣೋದು ಎಷ್ಟೋ ಸಲ ಜೆಐಎಸ್ ಸ್ಕ್ರೂ, ಅಂದ್ರೆ ಜಪಾನಿ ಅಳತೆಯದ್ದು, ಅದಕ್ಕೆ ಫಿಲಿಪ್ಸ್ ಅನ್ನೋ ಮಾಮೂಲಿ ಪ್ಲಸ್ ಬಿಟ್ ಹಾಕಿದ್ರೆ ಪೂರ್ತಿ ಕೂರಲ್ಲ, ಜಾರುತ್ತೆ. ಮೊದಲನೇ ಸಲ ಜಾರಿದ ತಕ್ಷಣ ನಿಲ್ಸಿ, ಸುತ್ತಿಗೆಯಿಂದ ಹೊಡೆದ್ರೆ ಸ್ಕ್ರೂನ ತಿರುಗಿಸೋ ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಿ.

ಈಗ ಆಯಿಲ್ ಇಳಿಸಿ ಮತ್ತೆ ಬಿಚ್ಚಿ. ಹೊಸ ಗ್ಯಾಸ್ಕೆಟ್ (ಕವರಿಗೂ ಇಂಜಿನ್ನಿಗೂ ನಡುವೆ ಆಯಿಲ್ ಸೋರದ ಹಾಗೆ ಕೂರೋ ತೆಳು ಹಾಳೆ) ಹಾಕಿ, ಹಳೇದನ್ನ ಸ್ಕ್ರೂಡ್ರೈವರಿಂದ ಕೆರೀಬೇಡಿ, ಒಂದು ಗೀರು ಬಿದ್ರೂ ಅಲ್ಲಿ ಸೋರುತ್ತೆ. ಸ್ಕ್ರೂ ಹಾಕೋವಾಗ ಮೊದ್ಲು ಬೆರಳಲ್ಲಿ ಹಿಂದಕ್ಕೆ ತಿರುಗಿಸಿ, ಟಕ್ ಅಂತ ಸಣ್ಣಗೆ ಇಳಿದದ್ದು ಗೊತ್ತಾಗುತ್ತೆ, ಆಮೇಲೆ ಮುಂದಕ್ಕೆ. ಎಲ್ಲಾ ಕೂತ್ಮೇಲೆ ಎದುರುಬದುರಾಗಿ ಎರಡು ಮೂರು ಹಂತದಲ್ಲಿ ಟೈಟ್ ಮಾಡಿ. ಈ ಸ್ಕ್ರೂ ಸಾಮಾನ್ಯವಾಗಿ 6 ಎಂಎಂ ದಪ್ಪ, ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ) ಸಾಕು, ನಿಮ್ಮ ಮಾಡೆಲ್ ಮ್ಯಾನ್ಯುಯಲ್ಲಲ್ಲಿ ಏನಿದ್ಯೋ ಅದೇ ಕೊನೆ ಮಾತು. ಸವೆದ ಸ್ಕ್ರೂ ವಾಪಸ್ ಹಾಕ್ಬೇಡಿ, ಅದೇ ಉದ್ದದ ಹೊಸದು ಹಾಕಿ. ಆಯಿಲ್ ತುಂಬಿ, ಕವರ್ ಒರೆಸಿ, ಹತ್ತು ನಿಮಿಷ ಇಂಜಿನ್ ಓಡಿಸಿ, ಆರಿದ್ಮೇಲೆ ಕೆಳಗಡೆ ಬಿಳಿ ಪೇಪರ್ ಒತ್ತಿ ನೋಡಿ.