ಏರ್‌ಗನ್‌ಗೆ ಎಣ್ಣೆ ಎಲ್ಲಿ, ಎಷ್ಟು?

ಪ್ರಶ್ನೆ: ಅಜ್ಜನ ಕಾಲದ ಡಯಾನಾ 35 ಏರ್‌ಗನ್ ನಮ್ಮ ಮನೆಯಲ್ಲಿದೆ. ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗಳನ್ನೆಲ್ಲ ಒರೆಸುವಾಗ ಇದಕ್ಕೂ ಹೊಲಿಗೆ ಮೆಷಿನ್ ಎಣ್ಣೆ ಧಾರಾಳವಾಗಿ ಬಿಟ್ಟೆ. ನಳಿಗೆ ಮಡಚಿದಾಗ ಕಾಣುವ ಸಣ್ಣ ತೂತಿಗೂ ಬಿಟ್ಟಿದ್ದೇನೆ. ಈಗ ಹೊಡೆದರೆ ಪಟಾಕಿಯ ಸದ್ದು, ಹೊಗೆ, ಸುಟ್ಟ ವಾಸನೆ. ಆದರೆ ಪೆಲೆಟ್ ಮೊದಲಿಗಿಂತ ಜೋರಾಗಿ ಹೋಗುತ್ತಿದೆ. ಹೀಗೇ ಬಿಡಬಹುದಾ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬಿಡಬೇಡಿ. ಎಣ್ಣೆ ತೆಗೆಯುವವರೆಗೆ ಅದರಲ್ಲಿ ಹೊಡೆಯಲೂ ಬೇಡಿ.

ಕೋವಿಯಲ್ಲಿ ಮದ್ದು ಉರಿಯುತ್ತದೆ, ಮಸಿ ಕೂರುತ್ತದೆ. ಅದಕ್ಕೇ ಒರೆಸಿ ಎಣ್ಣೆ ಹಚ್ಚುತ್ತೇವೆ. ಏರ್‌ಗನ್‌ನಲ್ಲಿ ಮದ್ದೇ ಇಲ್ಲ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಎದುರಿಗಿದ್ದ ಗಾಳಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒತ್ತಿಕೊಂಡು ಕಾದುಬಿಡುತ್ತದೆ. ನೀವು ಎಣ್ಣೆ ಬಿಟ್ಟ ತೂತು ಆ ಬಿಸಿ ಗಾಳಿ ಹೊರಬರುವ ದಾರಿ. ಅಲ್ಲಿ ಪೆಟ್ರೋಲಿಯಂ ಎಣ್ಣೆ ನಿಂತಿದ್ದರೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಆಗುವುದೂ ಇದೇ. ಪೆಲೆಟ್ ಜೋರಾಗಿ ಹೋಗುವುದು ಆ ಸ್ಫೋಟದಿಂದ. ಬಂದೂಕು ಚೆನ್ನಾಗಿದೆ ಅಂತ ಅರ್ಥವಲ್ಲ.

ಹೀಗೆ ಹೊಡೆದ ಏರ್‌ಗನ್‌ಗಳು ರಿಪೇರಿಗೆ ನನ್ನ ಹತ್ತಿರ ಬರುತ್ತಿರುತ್ತವೆ. ಬಿಚ್ಚಿದರೆ ಪಿಸ್ಟನ್ ತಲೆಯ ವಾಷರ್‌ನ ಅಂಚು ಕಪ್ಪಗೆ ಸುಟ್ಟು ಗರಿಗರಿಯಾಗಿರುತ್ತದೆ, ಉಗುರು ತಾಗಿದರೆ ಪುಡಿ ಉದುರುತ್ತದೆ. ಸ್ಪ್ರಿಂಗನ್ನು ಮೇಜಿನ ಮೇಲೆ ಉರುಳಿಸಿದರೆ ನೇರ ಹೋಗುವುದಿಲ್ಲ, ಅಡ್ಡಾದಿಡ್ಡಿ ಓಲಾಡುತ್ತದೆ. ಒಳಗಿನ ಸ್ಫೋಟ ಪಿಸ್ಟನ್ನನ್ನು ಹಿಂದಕ್ಕೆ ಒದ್ದು ಸ್ಪ್ರಿಂಗನ್ನು ಬಗ್ಗಿಸಿರುತ್ತದೆ. ಅಜ್ಜ ಜೋಪಾನ ಮಾಡಿದ ಸಾಮಾನು ಹಾಗಾಗಬಾರದು, ಅಲ್ವಾ?

ಈಗ ಹೀಗೆ ಮಾಡಿ. ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ನೋಡಿಕೊಳ್ಳಿ. ನಳಿಗೆ ಬಾಗಿಸಿ, ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಆ ತೂತನ್ನು ಒರೆಸಿ. ಕಡ್ಡಿ ಒಣಗಿ ಬರುವ ತನಕ ಬದಲಿಸುತ್ತಾ ಇರಿ. ಮೀನಿನ ಗಾಳದ ದಾರಕ್ಕೆ ಬಟ್ಟೆ ಚೂರು ಕಟ್ಟಿ, ಪೆಲೆಟ್ ಹಾಕುವ ಕಡೆಯಿಂದ ನಳಿಗೆಯೊಳಗೆ ಎಳೆಯಿರಿ. ಆಮೇಲೆ ದಪ್ಪ ಮಣ್ಣಿನ ದಿಬ್ಬದ ಕಡೆಗೆ, ಕನ್ನಡಕ ಹಾಕಿಕೊಂಡು, ಪೆಲೆಟ್ ಹಾಕಿಯೇ ಒಂದು ಹೊಡೆತ ಹೊಡೆದು ನೋಡಿ. ಮತ್ತೆ ಪಟಾಕಿ ಸದ್ದು ಬಂದರೆ ಮುಂದುವರಿಸಬೇಡಿ, ಬಿಚ್ಚಿ ತೊಳೆಯಲೇಬೇಕು. ಅದನ್ನು ಮನೆಯಲ್ಲಿ ಮಾಡಬೇಡಿ. ಸ್ಪ್ರಿಂಗ್ ಒಳಗೆ ಒತ್ತಿಕೊಂಡೇ ಕೂತಿರುತ್ತದೆ, ಹಿಡಿಯುವ ಸಾಧನವಿಲ್ಲದೆ ಬಿಚ್ಚಿದರೆ ಮುಖಕ್ಕೆ ಹಾರುತ್ತದೆ. ಕೋವಿ ರಿಪೇರಿಯವರಿಗೇ ಕೊಡಿ.

ಇನ್ನು ಎಣ್ಣೆಯ ಮಾತು. ಹಳೆಯ ಡಯಾನಾಗಳಲ್ಲಿ ಚರ್ಮದ ವಾಷರ್ ಇರುತ್ತದೆ. ಚರ್ಮ ಪೂರ್ತಿ ಒಣಗಿದರೂ ಕಷ್ಟ: ನಳಿಗೆ ಎಳೆಯುವಾಗ ಕೀರಲು ಸದ್ದು ಬರುತ್ತದೆ, ಹೊಡೆತ ಮೆತ್ತಗಾಗುತ್ತದೆ. ಆಗ ಮಾತ್ರ ಏರ್‌ಗನ್‌ಗೆಂದೇ ಬರುವ ಸಿಲಿಕೋನ್ ಎಣ್ಣೆ ಒಂದೆರಡು ಹನಿ ಆ ತೂತಿಗೆ ಬಿಟ್ಟು, ಮೂತಿ ಮೇಲೆ ಮಾಡಿ ರಾತ್ರಿಯಿಡೀ ನಿಲ್ಲಿಸಿ. ಅದೇ ಸಿಲಿಕೋನನ್ನು ಸ್ಪ್ರಿಂಗ್‌ಗೆ ಹಾಕಬೇಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವಲ್ಲಿ ಅದು ಸವೆತ ತಡೆಯುವುದಿಲ್ಲ. ಸ್ಪ್ರಿಂಗ್, ನಳಿಗೆಯ ಕೀಲು, ಎಳೆಯುವ ತೋಳು ಇವಕ್ಕೆ ಮಾಲಿಬ್ಡಿನಮ್ ಗ್ರೀಸ್, ಅದೂ ತೆಳ್ಳಗೆ. ಹೊಲಿಗೆ ಮೆಷಿನ್ ಎಣ್ಣೆ ಹೊರಮೈ ಒರೆಸುವ ಬಟ್ಟೆಗೆ ಸಾಕು. ನಿಮ್ಮ ಕಡೆ ಮಳೆಗಾಲದಲ್ಲಿ ಬೆರಳಿನ ಬೆವರಿಗೇ ತುಕ್ಕು ಹಿಡಿಯುತ್ತದೆ, ಹಾಗಾಗಿ ಮುಟ್ಟಿದಾಗಲೆಲ್ಲ ಒರೆಸಿ. ಚರ್ಮದ ಚೀಲದಲ್ಲಿ ತುಂಬಿಡಬೇಡಿ, ಅದು ತೇವ ಹಿಡಿಯುತ್ತದೆ.

ಪ್ರಶ್ನೆ: ಹೊಸ 4.5 ಮಿ.ಮೀ. ಏರ್ ರೈಫಲ್ ತಗೊಂಡು ಕೆಲವು ತಿಂಗಳಾಯಿತು. ಒಂದೇ ಕಡೆ ಬೀಳುತ್ತಿದ್ದ ಪೆಲೆಟ್‌ಗಳು ಈಗ ಚದುರುತ್ತಿವೆ. ಎಣ್ಣೆ ಹಾಕುವ ಸಮಯ ಬಂತೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎಣ್ಣೆ ಡಬ್ಬಿ ಪಕ್ಕಕ್ಕಿಡಿ, ಸ್ಕ್ರೂಡ್ರೈವರ್ ತಗೊಳ್ಳಿ. ಸ್ಪ್ರಿಂಗ್ ರೈಫಲ್ ಪ್ರತಿ ಹೊಡೆತಕ್ಕೂ ಹಿಂದಕ್ಕೂ ಮುಂದಕ್ಕೂ ಅದುರುತ್ತದೆ. ಹಿಡಿಯ ಸ್ಕ್ರೂಗಳು ತಾವಾಗಿ ಸಡಿಲವಾಗುತ್ತವೆ. ಮುಂಭಾಗದ ಎರಡೂ ಬದಿಯವನ್ನು, ಟ್ರಿಗರ್ ಹತ್ತಿರದ್ದನ್ನು ಬಿಗಿ ಮಾಡಿ. ಮರ ಸೀಳುವಷ್ಟು ಬಲ ಬೇಡ. ಗುರಿಯ ತೊಂದರೆ ಬಹಳ ಸಲ ಇಲ್ಲಿಗೇ ಮುಗಿಯುತ್ತದೆ.

ಸರಿಹೋಗದಿದ್ದರೆ ನಳಿಗೆ ಕೂಡುವ ಜಾಗದ ಮೇಲೆ ಟಿಶ್ಯೂ ಪೇಪರ್ ಚೂರು ಇಟ್ಟು ಪೆಲೆಟ್ ಹೊಡೆಯಿರಿ. ಕಾಗದ ಹಾರಿದರೆ ಅಲ್ಲಿನ ರಬ್ಬರ್ ರಿಂಗ್ ಸೋರುತ್ತಿದೆ, ಹೊಸದು ಹಾಕಿಸಿ.

ನಿಮ್ಮದರಲ್ಲಿ ಪಿಸ್ಟನ್ ತಲೆಗೆ ಚರ್ಮದ ವಾಷರ್ ಬದಲು ಪ್ಲಾಸ್ಟಿಕ್ ಸೀಲ್ ಇರುವ ಸಾಧ್ಯತೆ ಜಾಸ್ತಿ. ಅದು ಚರ್ಮದ ಹಾಗೆ ಎಣ್ಣೆ ಕೇಳುವುದಿಲ್ಲ. ಅದಕ್ಕೆ ಬೇಕಾದ ಜೋಪಾನವೇ ಬೇರೆ. ಪೆಲೆಟ್ ಇಲ್ಲದೆ ಸುಮ್ನೆ ಟ್ರಿಗರ್ ಒತ್ತಬೇಡಿ. ಎದುರು ತಡೆಯಿಲ್ಲದೆ ಗಾಳಿ ಖಾಲಿಯಾಗಿ, ಪಿಸ್ಟನ್ ನೇರ ಗೋಡೆಗೆ ಬಡಿಯುತ್ತದೆ. ಸ್ಪ್ರಿಂಗ್ ಎಳೆದು ಹಾಗೇ ಮೂಲೆಗೆ ಇಡಲೂಬೇಡಿ. ಸ್ಪ್ರಿಂಗ್ ಸೋಲುತ್ತದೆ, ಮಕ್ಕಳ ಕೈಗೆ ಸಿಕ್ಕರೆ ಅದಕ್ಕಿಂತ ದೊಡ್ಡ ಅನಾಹುತ. ಪೆಲೆಟ್ ಕೂರಿಸುವಾಗ ಇನ್ನೊಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಇರಲಿ. ನಳಿಗೆ ಜಾರಿ ಮುಚ್ಚಿಕೊಂಡರೆ ಬೆರಳ ತುದಿ ಉಳಿಯುವುದಿಲ್ಲ.