ಓದುಗರ ಪ್ರಶ್ನೆಗಳು: ರೂಮಲ್ಲಿ ಸಪ್ಪೆ, ಸ್ಟೇಜಲ್ಲಿ ಗುಂಯ್

ಪ್ರಶ್ನೆ (ಹಾಸನದ ಒಬ್ಬ ವಿದ್ಯಾರ್ಥಿ): ಸರ್, ಲ್ಯಾಪ್‌ಟಾಪ್‌ನಲ್ಲಿ ಡ್ಯಾನ್ಸ್ ಟ್ರ್ಯಾಕ್ ಮಾಡುತ್ತೇನೆ. 10 ಅಡಿಗೆ 12 ಅಡಿ ರೂಮು, ನಡುವೆ ಟೇಬಲ್. ಕಿಕ್ (ತಾಳದ ದಪ್ಪ ಡ್ರಮ್ ಏಟು) ಸಪ್ಪೆ ಅನ್ನಿಸಿ ಬೇಸ್ (ತಳದ ಶಬ್ದ) ಏರಿಸಿದೆ, ನಾಲ್ಕು ಕಿಕ್ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ತುಣುಕು) ಒಂದರ ಮೇಲೊಂದು ಹಾಕಿದೆ. ಕಾಲೇಜ್ ಫೆಸ್ಟ್‌ನ ದೊಡ್ಡ ಸ್ಪೀಕರ್‌ನಲ್ಲಿ ಬರೀ ಗುಂಯ್ ಅಂತ ತುಂಬಿಕೊಂಡಿತು, ಲೀಡ್ (ಮುಖ್ಯ ಟ್ಯೂನ್) ಕೇಳಿಸಲೇ ಇಲ್ಲ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಟೇಬಲ್ ಜರುಗಿಸಿ. ಕಿಕ್ ಆಮೇಲೆ ನೋಡೋಣ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 10 ಅಡಿ ಅಂದರೆ 3 ಮೀಟರ್ ಚಿಲ್ಲರೆ. ಅಷ್ಟು ದೂರದ ಎರಡು ಗೋಡೆಗಳ ನಡುವೆ 56 ಹರ್ಟ್ಜ್ ಆಸುಪಾಸಿನ ಶಬ್ದ ಹೋಗಿ ಬಂದು ನಿಂತುಬಿಡುತ್ತದೆ. ಗೋಡೆ ಹತ್ತಿರ ಜೋರು, ನಟ್ಟನಡುವೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 12 ಅಡಿಯ ಕಡೆ ಇದೇ ಕಥೆ 47 ಹರ್ಟ್ಜ್ ಹತ್ತಿರ. ಡ್ಯಾನ್ಸ್ ಕಿಕ್‌ನ ಹೊಟ್ಟೆ ಇರುವುದೇ ಸುಮಾರು 45ರಿಂದ 60ರ ಒಳಗೆ, ಅಲ್ವಾ? ಅದು ಕಾಣೆಯಾಗುವ ಜಾಗದಲ್ಲೇ ನೀವು ಕುರ್ಚಿ ಹಾಕಿಕೊಂಡಿದ್ದೀರಿ. ಇವತ್ತೇ ಬರೀ ಕಿಕ್ ಲೂಪ್ ಹಾಕಿ, ವಾಲ್ಯೂಮ್ ಮುಟ್ಟದೆ, ರೂಮಿನ ನಡುವಿನಿಂದ ಮೂಲೆಯ ಕಡೆಗೆ ನಿಧಾನ ನಡೆದು ಹೋಗಿ. ಮೂಲೆಗೆ ಬರುವಷ್ಟರಲ್ಲಿ ಅದೇ ಕಿಕ್ ಎದೆಗೆ ಬಂದು ಗುದ್ದುತ್ತದೆ. ನಾನೂ ಇಂಥದ್ದೇ ರೂಮಲ್ಲಿ ಕೂತು 55 ಹರ್ಟ್ಜ್ ಹತ್ತಿರ 6 ಡೆಸಿಬೆಲ್ ಏರಿಸಿದ್ದೆ. ಮದುವೆ ಮನೆಯೊಂದರ ಹಾಲ್‌ನಲ್ಲಿ ಹಾಕಿದಾಗ ಹಿಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡರು. ಆ ದಿನ ಬಹಳ ನೊಂದುಕೊಂಡಿದ್ದೆ. ಟೇಬಲ್ಲನ್ನು ಚಿಕ್ಕ ಗೋಡೆಯ ಕಡೆಗೆ ತಳ್ಳಿ, ಉದ್ದದ ಮೂರನೇ ಒಂದು ಭಾಗದಲ್ಲಿ ನಿಮ್ಮ ತಲೆ ಬರುವ ಹಾಗೆ ಕೂತುಕೊಳ್ಳಿ. ಆಗ 47ರ ಕಾಟ ತಗ್ಗುತ್ತದೆ. ಅಗಲದಲ್ಲಿ ಮಾತ್ರ ನೀವು ನಡುವೆಯೇ ಕೂರಬೇಕು, ಇಲ್ಲದಿದ್ದರೆ ಎಡ ಬಲ ಸಮ ಇರುವುದಿಲ್ಲ. ಅಲ್ಲಿನ 56ರ ಕೊರತೆಗೆ ಒಳ್ಳೆ ಹೆಡ್‌ಫೋನ್‌ನಲ್ಲಿ ಒಂದು ಸಲ ಕೇಳಿ ನೋಡುವುದೇ ದಾರಿ.

ಇನ್ನು ಆ ನಾಲ್ಕು ಸ್ಯಾಂಪಲ್. ನಾಲ್ಕರಲ್ಲೂ ತಳದ ಶಬ್ದ ಇರುತ್ತದೆ. ಒಂದರ ಅಲೆ ಮೇಲೇಳುವಾಗ ಇನ್ನೊಂದರದ್ದು ಕೆಳಗಿಳಿದರೆ ಎರಡೂ ಸೇರಿ ಕರಗಿಹೋಗುತ್ತವೆ. ಅದಕ್ಕೇ ಹಾಕಿದಷ್ಟೂ ಸಪ್ಪೆ. ಮೂರನ್ನು ಅಳಿಸಿ. ನನ್ನ ಕೇಳಿದರೆ ನಾಲ್ಕನೆಯದನ್ನೂ ಅಳಿಸಿ, ಒಂದು ಕಿಕ್ ನೀವೇ ಮಾಡಿ. ಅರ್ಧ ಗಂಟೆ ಸಾಕು.

ಯಾವುದೇ ಸಿಂತ್ (ನಾದ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ ಅಥವಾ ಸಾಫ್ಟ್‌ವೇರ್) ತೆಗೆದು ಒಂದು ಸೈನ್ ಅಲೆ, ಅಂದರೆ ಒಂದೇ ಶುದ್ಧ ನಾದ, ಇಡಿ. ಪ್ರತಿ ಹೊಡೆತಕ್ಕೂ ಅಲೆ ಸೊನ್ನೆಯಿಂದಲೇ ಶುರುವಾಗುವ ಹಾಗೆ ಫೇಸ್ ರೀಸೆಟ್ ಹಾಕಿ, ಇಲ್ಲದಿದ್ದರೆ ಒಂದೊಂದು ಹೊಡೆತ ಒಂದೊಂದು ಥರ ಬರುತ್ತದೆ. ಆಮೇಲೆ ಪಿಚ್ ಎನ್ವೆಲಪ್, ಅಂದರೆ ಪಿಚ್ ಹೇಗೆ ಇಳಿಯಬೇಕು ಅನ್ನುವುದು: ಮೇಲೆ ಎಲ್ಲೋ ಒಂದೆರಡು ಸಾವಿರ ಹರ್ಟ್ಜ್‌ನಿಂದ ಶುರುವಾಗಿ 49ಕ್ಕೆ ಬಂದು ನಿಲ್ಲಲಿ. ಪಾಶ್ಚಾತ್ಯ ಲೆಕ್ಕದಲ್ಲಿ ಅದು ಜಿ ಸ್ವರ. ನಿಮ್ಮ ಟ್ರ್ಯಾಕ್‌ನ ಶ್ರುತಿ ಬೇರೆ ಇದ್ದರೆ ಅದಕ್ಕೆ ಹೊಂದಿಸಿ. ಎಷ್ಟು ಬೇಗ ಬೀಳಬೇಕು ಅನ್ನುವುದರಲ್ಲೇ ಇಡೀ ವಿದ್ಯೆ ಇದೆ. 5 ಮಿಲಿಸೆಕೆಂಡ್‌ನಲ್ಲಿ ಬಿದ್ದರೆ 'ಟಕ್', 40ರಿಂದ 60ರಲ್ಲಿ ಬಿದ್ದರೆ 'ಧಂ', 200 ದಾಟಿದರೆ 'ಡುವ್' ಅಂತ ಎಳೆಯುತ್ತದೆ. ಆ ನಾಬ್ ಒಂದನ್ನೇ ಹತ್ತು ನಿಮಿಷ ತಿರುಗಿಸುತ್ತಾ ಕೂತುಕೊಳ್ಳಿ, ಬೇರೇನೂ ಮುಟ್ಟಬೇಡಿ.

ಉದ್ದ ಎಷ್ಟು ಅಂತ ಟೆಂಪೋ ಹೇಳುತ್ತದೆ. ನಿಮಿಷಕ್ಕೆ 128 ಬೀಟ್ ಇದ್ದರೆ ಒಂದು ಬೀಟ್ ಅಂದರೆ 469 ಮಿಲಿಸೆಕೆಂಡ್. ಬೇಸ್ ಎರಡು ಕಿಕ್‌ಗಳ ನಡುವೆ ಬರುವುದಾದರೆ ಅದಕ್ಕೆ ಸರಿಯಾಗಿ 234ರಲ್ಲಿ ಜಾಗ ಬೇಕು. ಕಿಕ್ ಅಷ್ಟರೊಳಗೆ ಮುಗಿದಿರಬೇಕು. ನಿಮ್ಮ ಸ್ಯಾಂಪಲ್‌ಗಳ ಬಾಲ ಅದನ್ನು ದಾಟಿ ಹೋಗಿರುತ್ತದೆ, ಫೆಸ್ಟ್‌ನಲ್ಲಿ ಕೇಳಿದ ಗುಂಯ್‌ನಲ್ಲಿ ಅದರ ಪಾಲೂ ಇದೆ. ಕೊನೆಗೆ ಸ್ವಲ್ಪ ಸ್ಯಾಚುರೇಶನ್ (ಅಲೆಯನ್ನು ತುಸು ಒತ್ತಿ ಕೆಡಿಸುವುದು) ಕೊಡಿ. 49ರ ಜೊತೆಗೆ 98, 147ರಲ್ಲಿ ಮೇಲಿನ ನಾದಗಳು ಹುಟ್ಟುತ್ತವೆ. ಫೋನ್ ಸ್ಪೀಕರ್ 49 ನುಡಿಸಲಾರದು, ಆದರೆ ಮೇಲಿನವು ಕೇಳಿದರೆ ಕೆಳಗಿನದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ.

ಪ್ರಶ್ನೆ (ಕುಂದಾಪುರದಿಂದ): 808, 909 ಅಂತಾರಲ್ಲ, ಏನು ವ್ಯತ್ಯಾಸ? ದುಡ್ಡು ಕೊಟ್ಟು ಸ್ಯಾಂಪಲ್ ಪ್ಯಾಕ್ ತಗೊಳ್ಳಬೇಕಾ?

ಉತ್ತರ: ಎರಡೂ ಜಪಾನಿನ ರೋಲ್ಯಾಂಡ್ ಕಂಪನಿಯ ತಾಳದ ಪೆಟ್ಟಿಗೆಗಳು. ಟಿಆರ್-808 ಬಂದದ್ದು 1980ರಲ್ಲಿ, 909 ಬಂದದ್ದು 1983ರಲ್ಲಿ. 808ರ ಒಳಗೆ ರೆಕಾರ್ಡ್ ಮಾಡಿದ ಶಬ್ದವೇ ಇಲ್ಲ. ದೇವಸ್ಥಾನದ ಗಂಟೆಗೆ ಒಂದು ಏಟು ಕೊಟ್ಟರೆ ತಾನಾಗಿ ಮೊಳಗುತ್ತದಲ್ಲ, ಹಾಗೆ ಒಂದು ವಿದ್ಯುತ್ ಸರ್ಕ್ಯೂಟ್‌ಗೆ ಏಟು ಬಿದ್ದು ಅದು ಮೊಳಗುತ್ತಾ ಆರುತ್ತದೆ. ಬಾಲ ಉದ್ದ. 909ರ ಕಿಕ್ ಕೂಡ ಸರ್ಕ್ಯೂಟೇ, ಆದರೆ ಪಿಚ್ ಸರ್ರನೆ ಬೀಳುತ್ತದೆ, ಮುಂದೆ ಗಟ್ಟಿ ಕ್ಲಿಕ್ ಇದೆ. ಅದರಲ್ಲಿ ಹೈ-ಹ್ಯಾಟ್, ಸಿಂಬಲ್ ಮಾತ್ರ ಸ್ಯಾಂಪಲ್. ಹೊಸದಾಗಿದ್ದಾಗ ಇವನ್ನು ಕೇಳುವವರು ಕಡಿಮೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಕ್ಕಿದ್ದನ್ನು ಷಿಕಾಗೋ, ಡೆಟ್ರಾಯಿಟ್‌ನ ಹುಡುಗರು ತಗೊಂಡರು. ಹೌಸ್, ಟೆಕ್ನೋ ಅನ್ನುವ ಡ್ಯಾನ್ಸ್ ಸಂಗೀತ ಬೆಳೆದದ್ದು ಅವರ ಕೈಯಲ್ಲಿ. 90ರ ದಶಕದ ಶುರುವಿನಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನವರು 909ರ ಕಿಕ್ಕನ್ನು ಡಿಸ್ಟಾರ್ಶನ್‌ಗೆ ಹಾಕಿ ಜಜ್ಜಿದರು. ಗ್ಯಾಬರ್ ಅಂದರೆ ಆ ಸದ್ದು.

ಪ್ಯಾಕ್ ಬೇಡ. ಮೇಲೆ ಹಾಸನದವರಿಗೆ ಹೇಳಿದ ಕಿಕ್‌ನಲ್ಲೇ ಬಾಲ ಉದ್ದ ಮಾಡಿ ಕ್ಲಿಕ್ ತಗ್ಗಿಸಿದರೆ 808ರ ದಾರಿ, ಬಾಲ ಕತ್ತರಿಸಿ ಕ್ಲಿಕ್ ಏರಿಸಿದರೆ 909ರ ದಾರಿ.

ಪ್ರಶ್ನೆ (ದುಬೈಯಿಂದ ಒಬ್ಬ ಕನ್ನಡಿಗರು): ನನ್ನ ಲೀಡ್ ತುಂಬಾ ತೆಳ್ಳಗೆ ಕೇಳುತ್ತದೆ. ಟ್ರಾನ್ಸ್ ಹಾಡುಗಳಲ್ಲಿ ಗೋಡೆಯಂಥ ಸಿಂತ್ ಇರುತ್ತಲ್ಲ, ಅದು ಹೇಗೆ?

ಉತ್ತರ: ಅದರ ಹೆಸರು ಸೂಪರ್‌ಸಾ. 90ರ ದಶಕದಲ್ಲಿ ಬಂದ ರೋಲ್ಯಾಂಡ್ ಜೆಪಿ-8000 ಸಿಂತ್‌ನ ಕೊಡುಗೆ. ಏಳು ಗರಗಸದ ಹಲ್ಲಿನಂಥ ಅಲೆಗಳು, ಒಂದಕ್ಕೊಂದು ಕೂದಲೆಳೆ ಶ್ರುತಿ ತಪ್ಪಿಸಿ. ತಂಬೂರಿ ಶ್ರುತಿ ಮಾಡುವಾಗ ನಡುವಿನ ಎರಡು ತಂತಿ ಇನ್ನೂ ಪೂರ್ತಿ ಸೇರಿಲ್ಲದಿದ್ದರೆ ನಾದ ಅಲೆಅಲೆಯಾಗಿ ತೂಗುತ್ತದಲ್ಲ, ಅದೇ. 440, 442 ಹರ್ಟ್ಜ್ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಎರಡು ಸಲ ತೂಗುತ್ತದೆ. ಏಳು ಸೇರಿದಾಗ ಆ ತೂಗಾಟ ದಟ್ಟವಾಗಿ ಗೋಡೆ ಆಗುತ್ತದೆ. 2020ರಲ್ಲಿ ಬಂದ ವೈಟಲ್ ಅನ್ನುವ ಸಿಂತ್‌ನ ಉಚಿತ ಆವೃತ್ತಿಯಲ್ಲೇ ಇದನ್ನು ಮಾಡಬಹುದು: ಯೂನಿಸನ್ (ಒಟ್ಟಿಗೆ ನುಡಿಯುವ ಅಲೆಗಳ ಸಂಖ್ಯೆ) 7, ಡಿಟ್ಯೂನ್ (ಶ್ರುತಿ ತಪ್ಪಿಸುವುದು) ಸ್ವಲ್ಪವೇ. 16ಕ್ಕೆ ಏರಿಸಬೇಡಿ, ಮಂಜು ಕವಿದ ಹಾಗಾಗುತ್ತದೆ. ಲೀಡ್‌ನ 200 ಹರ್ಟ್ಜ್ ಕೆಳಗಿನದ್ದನ್ನೆಲ್ಲ ಕತ್ತರಿಸಿ. ಕಿಕ್ ಬಿದ್ದಾಗಲೆಲ್ಲ ಲೀಡ್ ಒಂದು ಕ್ಷಣ ತಗ್ಗಿ ಏಳುವ ಹಾಗೆ ಸೈಡ್‌ಚೈನ್ ಹಾಕಿ.

ಪ್ರಶ್ನೆ (ಮೈಸೂರಿನಿಂದ): ಸಂಗೀತ ಕಲಿತಿದ್ದೇನೆ. ರಾಗದಲ್ಲಿ ಆಸಿಡ್ ಬೇಸ್‌ಲೈನ್ ಮಾಡಿದರೆ ಜನ ನಗುತ್ತಾರಾ?

ಉತ್ತರ: ಖಂಡಿತ ಇಲ್ಲ, ಧೈರ್ಯವಾಗಿ ಮಾಡಿ. 1982ರಲ್ಲೇ ಮುಂಬಯಿಯ ಚರಂಜಿತ್ ಸಿಂಗ್ ಅವರು ರೋಲ್ಯಾಂಡ್ ಟಿಬಿ-303 (ಆಸಿಡ್ ಅಂದರೆ ಈ ಬೇಸ್ ಸಿಂತ್‌ನ ತಿರುಚುವ ಸದ್ದೇ) ಮತ್ತು 808 ಇಟ್ಟುಕೊಂಡು ಹತ್ತು ರಾಗಗಳ ಇಡೀ ರೆಕಾರ್ಡ್ ಮಾಡಿದ್ದರು. ಷಿಕಾಗೋದ ಆಸಿಡ್ ರೆಕಾರ್ಡ್‌ಗಳು ಹೊರಬಂದದ್ದು ಅದಾಗಿ ಕೆಲವು ವರ್ಷಗಳ ಮೇಲೆ! ಆಗ ಇಲ್ಲಿ ಯಾರೂ ಸರಿಯಾಗಿ ಕೇಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ. ಮಾಯಾಮಾಳವಗೌಳದಿಂದ ಶುರು ಮಾಡಿ. 16 ಹೆಜ್ಜೆಯ ಪ್ಯಾಟರ್ನ್, ರಿ ಯಿಂದ ಸ ಗೆ ಇಳಿಯುವಲ್ಲಿ ಸ್ಲೈಡ್ ಇಡಿ. ಫಿಲ್ಟರ್ ಕಟಾಫ್ (ಇದರ ಮೇಲಿನ ಶಬ್ದ ಕತ್ತರಿಸುವ ಗಡಿ) ಕೆಳಗೆ, ರೆಸೊನೆನ್ಸ್ (ಆ ಗಡಿಯಲ್ಲಿನ ಶಬ್ದದ ಒತ್ತು) ಜಾಸ್ತಿ, ನುಡಿಸುತ್ತಾ ಕಟಾಫ್ ಕೈಯಲ್ಲೇ ತೆರೆಯಿರಿ.

ಪ್ರಶ್ನೆ (ಶಿವಮೊಗ್ಗದಿಂದ): ಡೊಳ್ಳಿನ ರೆಕಾರ್ಡಿಂಗ್ ಕಿಕ್ ಆಗುತ್ತದಾ?

ಉತ್ತರ: ಆಗುತ್ತದೆ, ಆದರೆ ಅರ್ಧ ಮಾತ್ರ ತಗೊಳ್ಳಿ. ಕೋಲು ಚರ್ಮಕ್ಕೆ ತಾಗುವ ಆ ಮೊದಲ ಏಟಿನ ಸದ್ದು ಯಾವ ಸಿಂತ್‌ನಲ್ಲೂ ಸಿಗುವುದಿಲ್ಲ, ಅದನ್ನು ಇಟ್ಟುಕೊಳ್ಳಿ. 120 ಹರ್ಟ್ಜ್ ಕೆಳಗಿನದ್ದನ್ನು ಕತ್ತರಿಸಿ, ಅಲ್ಲಿಗೆ ನಿಮ್ಮ ಸೈನ್ ಅಲೆ ಸೇರಿಸಿ. ಬಯಲಲ್ಲೇ ರೆಕಾರ್ಡ್ ಮಾಡಿ, ಸಮುದಾಯ ಭವನದೊಳಗೆ ಬೇಡ. ಗೋಡೆಗಳ ಮಾರ್ದನಿ ಒಮ್ಮೆ ಏಟಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.